ಆದಿವಾಸಿ ಬದುಕು ಮತ್ತು ಸಿನಿಮಾ: ಕ್ಯಾಮೆರಾ ಯಾರ ಕೈಯಲ್ಲಿ?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಶಿಕ್ಷಣ ಸಂಘದ ಸಭೆಯಲ್ಲಿ ಸಿನಿಮಾದ ಮಾತೇಕೆ, ಅದರಲ್ಲೂ ಆದಿವಾಸಿಗಳ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸ್ಕಾಲರ್‌ಶಿಪ್, ಸಿಇಟಿ, ಹಾಸ್ಟೆಲ್ ಸೀಟು ಇವುಗಳ ಬಗ್ಗೆ ಮಾತನಾಡಬಲ್ಲವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಓದು ಎಂದರೆ ಪುಸ್ತಕ ಓದುವುದಷ್ಟೇ ಅಲ್ಲ, ಚಿತ್ರವನ್ನು ಓದುವುದೂ ಓದೇ. ಇಂದು ನಮ್ಮ ಮಕ್ಕಳು ಪುಸ್ತಕಕ್ಕಿಂತ ಹೆಚ್ಚು ಹೊತ್ತು ಚಿತ್ರಗಳ ಮುಂದೆ ಕಳೆಯುತ್ತಾರೆ. ಪಕ್ಕದ ಮನೆಯವರನ್ನು ಕಂಡು ಅರಿಯುವ ಮೊದಲೇ ಪರದೆಯ ಮೇಲೆ ಕಂಡು ತೀರ್ಮಾನ ಮಾಡಿಬಿಡುತ್ತಾರೆ. ಅದಕ್ಕಾಗಿ ಈ ವಿಷಯ ಆರಿಸಿಕೊಂಡೆ.

ಆದಿವಾಸಿ ಎಂದ ಕೂಡಲೇ ನಮಗೆ ದೂರದ ಕಾಡು ನೆನಪಾಗುತ್ತದೆ. ಆದರೆ 2011ರ ಜನಗಣತಿಯನ್ನು ನೋಡಿ. ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಸುಮಾರು 7 ಮಂದಿ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 18 ಮಂದಿ. ಇವರಲ್ಲಿ ಹೆಚ್ಚಿನವರು ನಾಯಕ ಸಮುದಾಯದವರು. ನಾಯಕ, ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 1991ರಲ್ಲಿ. ಅವರೆಲ್ಲ ತಮ್ಮನ್ನು ಆದಿವಾಸಿ ಎಂದು ಕರೆದುಕೊಳ್ಳುವುದಿಲ್ಲ, ಅದು ಅವರ ಇಷ್ಟ. ನಾನು ಹೇಳುವುದಿಷ್ಟೆ: ಈ ಮಾತು ಯಾವುದೋ ಕಾಡಿನವರ ಮಾತಲ್ಲ. ತರಗತಿಯಲ್ಲಿ ನಿಮ್ಮ ಬೆಂಚಿನಲ್ಲೇ ಕುಳಿತಿರುವ ಗೆಳೆಯನ ಮಾತು, ಸಂತೆಯಲ್ಲಿ ನಿಮ್ಮ ತಂದೆಯವರ ಅಂಗಡಿಯ ಪಕ್ಕದಲ್ಲೇ ವ್ಯಾಪಾರ ಮಾಡುವವರ ಮಾತು.

ಈ ಗೆಳೆಯನನ್ನು ಕನ್ನಡ ಸಿನಿಮಾ ಹೇಗೆ ತೋರಿಸಿದೆ? ರಾಜಕುಮಾರ್ ಅವರು ನಾಯಕನಟರಾಗಿ ಬಂದ ಮೊದಲ ಚಿತ್ರವೇ 1954ರ ‘ಬೇಡರ ಕಣ್ಣಪ್ಪ’. ಬಿಲ್ಲು, ಬಾಣ, ಬೇಟೆ, ಭಕ್ತಿ. ಆಮೇಲೆ 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಬಂತು. ತ.ರಾ.ಸು. ಅವರ ಕಾದಂಬರಿಗಳ ಆಧಾರದ ಆ ಚಿತ್ರದಿಂದ ನಮ್ಮ ಕೋಟೆ ನಾಡಿಗೆಲ್ಲ ಪರಿಚಯವಾಯಿತು. ಇಂದಿಗೂ ಹೊರಗಿನವರು ಬಂದರೆ ಒನಕೆ ಓಬವ್ವನ ಕಿಂಡಿಯನ್ನು ಆ ಚಿತ್ರದ ಜಯಂತಿಯವರನ್ನು ನೆನೆದುಕೊಂಡೇ ನೋಡುತ್ತಾರೆ. ಪಾಳೆಯಗಾರರ ಕಾಲದ ಶೌರ್ಯ ಅದರಲ್ಲಿದೆ, ಸಂತೋಷ. ಆದರೆ ಮದಕರಿ ನಾಯಕರ ವಂಶದ ಕೋಟೆ ಹೈದರಾಲಿಯ ವಶವಾದದ್ದು 1779ರಲ್ಲಿ. ಆಮೇಲೂ ಈ ಜನ ಇಲ್ಲೇ ಬದುಕಿದ್ದಾರೆ. ಬರ ಕಂಡಿದ್ದಾರೆ, ಬೋರ್‌ವೆಲ್ ಕೊರೆಸಿದ್ದಾರೆ, ಮಗಳನ್ನು ನರ್ಸಿಂಗ್‌ಗೆ ಕಳಿಸಿದ್ದಾರೆ, ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ರಾತ್ರಿ ಕಾವಲು ಕಾದಿದ್ದಾರೆ. ಆ ಬದುಕು ತೆರೆಯ ಮೇಲೆ ಬಂದದ್ದು ಬಹಳ ಅಪರೂಪ.

ನಮ್ಮ ಸಂಗತಿಯನ್ನೂ ಇದರ ಜೊತೆಗೇ ನೋಡೋಣ. ಅದೇ ‘ನಾಗರಹಾವು’ ಚಿತ್ರದಲ್ಲಿ ಅಂಬರೀಶ್ ಅವರು ಮೊದಲ ಸಲ ತೆರೆಯ ಮೇಲೆ ಬಂದರು. ಪಾತ್ರದ ಹೆಸರು ಜಲೀಲ. ದಾರಿಯಲ್ಲಿ ಹೆಣ್ಣುಮಕ್ಕಳನ್ನು ಪೀಡಿಸುವ ಪುಂಡ. ಚಿತ್ರ ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಮ್ಮವರೂ ಇದ್ದರು. ಚಿತ್ರ ಚೆನ್ನಾಗಿದೆ, ನಟರೂ ದೊಡ್ಡವರು, ಅದರ ಬಗ್ಗೆ ಜಗಳವಿಲ್ಲ. ಆದರೆ ಈ ಊರಿನ ಮುಸ್ಲಿಂ ಹೆಸರು ಎಂದರೆ ಲಕ್ಷಾಂತರ ಜನರ ನೆನಪಿನಲ್ಲಿ ಉಳಿದದ್ದು ಜಲೀಲ ಮಾತ್ರ. ಟೈಲರ್ ಅಂಗಡಿ ಇಟ್ಟವರು, ಲಾರಿ ಓಡಿಸಿದವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು ಯಾರ ನೆನಪಿಗೂ ಬರುವುದಿಲ್ಲ. ನಾಯಕರ ಹುಡುಗನಿಗೆ ಹಳೆಯ ಕಾಲದ ಕತ್ತಿ, ನಮ್ಮ ಹುಡುಗನಿಗೆ ರಸ್ತೆಬದಿಯ ಪುಂಡಾಟ. ಇಬ್ಬರ ಇಂದಿನ ಬದುಕೂ ಚಿತ್ರದ ಹೊರಗೇ ಉಳಿಯಿತು. ಇತರರ ಚಿತ್ರದೊಳಗೆ ಬದುಕುವ ಕಷ್ಟ ಏನೆಂದು ನಮಗೆ ಗೊತ್ತು. ಗೊತ್ತಿರುವುದರಿಂದಲೇ ಇನ್ನೊಬ್ಬರ ವಿಷಯದಲ್ಲಿ ನಾವು ಹೆಚ್ಚು ಎಚ್ಚರವಾಗಿರಬೇಕು.

ಬಂಧುಗಳೆ, ಆದಿವಾಸಿಗಳ ಬಗ್ಗೆ ನಮ್ಮ ಚಿತ್ರಗಳಲ್ಲಿ ಮೂರು ಬಗೆಯನ್ನು ಕಾಣಬಹುದು.

ಮೊದಲನೆಯದು, ಹಿಂದಿನ ಕಾಲದ ವೀರ ಅಥವಾ ಭಕ್ತ. ಎರಡನೆಯದು, ಗರಿ ಸಿಕ್ಕಿಸಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ನಾಯಕ ನಾಯಕಿಯ ಸುತ್ತ ಕುಣಿಯುವ ಕಾಡುಜನ. ಇವರಿಗೆ ಹೆಸರಿಲ್ಲ, ಊರಿಲ್ಲ, ಭಾಷೆಯೂ ಇಲ್ಲ; ಹುಯಿಲು ಮಾತ್ರ. ಮೂರನೆಯದು, ತುಳಿತಕ್ಕೆ ಸಿಕ್ಕು ಯಾರಾದರೂ ಬಂದು ಕಾಪಾಡಲಿ ಎಂದು ಕಾಯುವವರು. 2021ರ ತಮಿಳು ಚಿತ್ರ ‘ಜೈ ಭೀಮ್’ ಅನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಪೊಲೀಸ್ ಠಾಣೆಯಲ್ಲಿ ನಡೆದ ದೌರ್ಜನ್ಯದ ನಿಜ ಪ್ರಕರಣವೊಂದನ್ನು ಅದು ಇರುಳರ ಕಥೆಯಾಗಿ ದೇಶದ ಮುಂದಿಟ್ಟಿತು. ಅದು ದೊಡ್ಡ ಕೆಲಸ. ಆದರೂ ಕಥೆಯ ನಾಯಕ ವಕೀಲರು. ಇರುಳರ ಹೆಣ್ಣುಮಗಳ ಪಾತ್ರ ಮಾಡಿದವರು ಬೇರೆ ಸಮುದಾಯದ ನಟಿ. 1997ರ ಸಾಲಿನಲ್ಲಿ ಪರಿಸರ ಕುರಿತ ರಾಷ್ಟ್ರೀಯ ಪ್ರಶಸ್ತಿ ಪಡೆದ ಕೇಸರಿ ಹರವೂ ಅವರ ‘ಭೂಮಿಗೀತ’ ಅಣೆಕಟ್ಟಿನಿಂದ ನೆಲೆ ಕಳೆದುಕೊಳ್ಳುವ ಆದಿವಾಸಿಗಳ ನೋವನ್ನು ಕನ್ನಡದಲ್ಲಿ ಹೇಳಿತು. 2022ರ ‘ಕಾಂತಾರ’ ಕಾಡಂಚಿನ ಜನರ ಜಮೀನು ಮತ್ತು ಅರಣ್ಯ ಇಲಾಖೆಯ ಗಡಿಯ ಪ್ರಶ್ನೆಯನ್ನು ಎತ್ತಿತು. ಜಮೀನಿನ ಕಾಗದ ಯಾರ ಹೆಸರಿನಲ್ಲಿದೆ ಎಂಬುದು ಇಂದಿನ ಪ್ರಶ್ನೆಯೇ. ಆದರೆ 2025ರಲ್ಲಿ ಬಂದ ಅದರ ಮುಂದಿನ ಚಿತ್ರ ಮತ್ತೆ ರಾಜರ ಕಾಲಕ್ಕೆ ಹೋಯಿತು. ಹಿಂದಿನ ಕಾಲದ ಸೆಳೆತ ಅಷ್ಟು ದೊಡ್ಡದು.

ಇಂದಿನ ಕಥೆಗಳೇ ಇಲ್ಲವೇನು? ಎರಡು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಸೂಡಾನ್ ದೇಶದಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನರಿದ್ದರು. ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಆಫ್ರಿಕಾದವರೆಗೆ ಹೋಗಿದ್ದವರು. ಪಾಸ್‌ಪೋರ್ಟ್ ಮಾಡಿಸಿ, ವಿಮಾನ ಹತ್ತಿ, ಗೊತ್ತಿಲ್ಲದ ದೇಶದ ಸಂತೆಯಲ್ಲಿ ವ್ಯಾಪಾರ ಮಾಡುವ ಇವರನ್ನು ನಾವು ಸಿನಿಮಾದಲ್ಲಿ ಕಂಡದ್ದುಂಟೆ? ಇನ್ನೊಂದು: ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಭೆ ಸೇರಿ, ಅರ್ಜಿ ಬರೆದು, ನಕ್ಷೆ ಮಾಡಿ, 2011ರಲ್ಲಿ ಹುಲಿ ಅಭಯಾರಣ್ಯದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ಇದರಲ್ಲಿ ಕತ್ತಿ ಇಲ್ಲ, ಕುಣಿತ ಇಲ್ಲ, ಕಾಪಾಡಲು ಬಂದ ಹೀರೋ ಇಲ್ಲ. ಓದು, ಸಂಘಟನೆ, ತಾಳ್ಮೆ ಇದೆ. ಬಹುಶಃ ಅದಕ್ಕೇ ಇದು ಸಿನಿಮಾ ಆಗಲಿಲ್ಲವೇನೋ!

ಟೀವಿಯೂ ಇದಕ್ಕಿಂತ ಬೇರೆಯಲ್ಲ. ನಮ್ಮ ತಾಲ್ಲೂಕುಗಳ ಗೊಲ್ಲರಹಟ್ಟಿಗಳು ನಿಮಗೆ ಗೊತ್ತು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಕಾಡುಗೊಲ್ಲರು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಟೀವಿ ಕ್ಯಾಮೆರಾ ಹಟ್ಟಿಗೆ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಮುಟ್ಟಾದ ಅಥವಾ ಬಾಣಂತಿ ಹೆಣ್ಣುಮಕ್ಕಳನ್ನು ಊರ ಹೊರಗೆ ಇರಿಸುವುದನ್ನು ತೋರಿಸಲು. ಆ ಪದ್ಧತಿ ತಪ್ಪು, ತೋರಿಸಲೇಬೇಕು, ನಿಲ್ಲಿಸಲೇಬೇಕು. ಆದರೆ ಅದೇ ಹಟ್ಟಿಯಿಂದ ಬಸ್ ಹತ್ತಿ ಕಾಲೇಜಿಗೆ ಬರುವ ಹುಡುಗಿ ಆ ಪದ್ಧತಿಯ ಬಗ್ಗೆ ಏನು ಹೇಳುತ್ತಾಳೆ ಎಂದು ಮೈಕು ಅವಳ ಮುಂದೆ ಹಿಡಿದವರು ಎಷ್ಟು ಮಂದಿ? ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಸಿರಿಯಜ್ಜಿಯವರು ಅಕ್ಷರ ಕಲಿಯದೆಯೇ ಸಾವಿರಾರು ಜನಪದ ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಹಟ್ಟಿ ಎಂದರೆ ಅದೂ ಹೌದು. ಒಂದನ್ನೇ ತೋರಿಸಿ ಇನ್ನೊಂದನ್ನು ಬಿಟ್ಟರೆ ತೋರಿಸಿದ್ದು ಸುಳ್ಳಲ್ಲದಿದ್ದರೂ ಚಿತ್ರ ಮಾತ್ರ ಸುಳ್ಳಾಗುತ್ತದೆ.

ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. 1922ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬುವರು ಕೆನಡಾದ ಹಿಮ ಪ್ರದೇಶದ ಇನ್ಯೂಟ್ ಜನರ ಬಗ್ಗೆ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಚಿತ್ರ ಮಾಡಿದರು. ಅದರ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ‘ನಾನೂಕ್’ ಚಿತ್ರಕ್ಕಾಗಿ ಇಟ್ಟ ಹೆಸರು. ಆ ಜನ ಆಗಲೇ ಬಂದೂಕು ಬಳಸುತ್ತಿದ್ದರು. ಚಿತ್ರದಲ್ಲಿ ಈಟಿ ಹಿಡಿಸಿದರು. ಗ್ರಾಮಾಫೋನ್ ಎಂದರೇನೆಂದು ಅವರಿಗೆ ಗೊತ್ತಿತ್ತು. ಚಿತ್ರದಲ್ಲಿ ಏನೂ ಅರಿಯದವನಂತೆ ಪ್ಲೇಟನ್ನು ಕಚ್ಚಿ ನೋಡುವಂತೆ ತೋರಿಸಿದರು. ನೋಡುವವರಿಗೆ ಮುಗ್ಧ ಕಾಡುಮನುಷ್ಯ ಬೇಕಾಗಿದ್ದ, ಅವನನ್ನು ತಯಾರು ಮಾಡಿಕೊಟ್ಟರು.

ಅದೇ ಇನ್ಯೂಟ್ ಜನರ ನಡುವೆ ಝಕರಿಯಸ್ ಕುನುಕ್ ಎಂಬ ಯುವಕರು ಇದ್ದರು. ಕಲ್ಲಿನಲ್ಲಿ ಗೊಂಬೆ ಕೆತ್ತುವವರು. 1981ರಲ್ಲಿ ತಾವು ಕೆತ್ತಿದ ಗೊಂಬೆಗಳನ್ನು ಮಾರಿ, ಆ ಹಣದಲ್ಲಿ ವಿಡಿಯೋ ಕ್ಯಾಮೆರಾ ಕೊಂಡರು. ಇಪ್ಪತ್ತು ವರ್ಷಗಳ ನಂತರ, 2001ರಲ್ಲಿ, ಪೂರ್ತಿಯಾಗಿ ತಮ್ಮ ಇನುಕ್ಟಿಟುಟ್ ಭಾಷೆಯಲ್ಲಿ, ತಮ್ಮ ಜನರನ್ನೇ ನಟಿಸಲು ಹಚ್ಚಿ ತೆಗೆದ ‘ಅತನಾರ್ಜುವಾತ್’ ಚಿತ್ರಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ‘ಕೆಮೆರಾ ಡಿ ಓರ್’ ಪ್ರಶಸ್ತಿ ಬಂತು. ಗೊಂಬೆ ಮಾರಿ ಕ್ಯಾಮೆರಾ ಕೊಂಡ ಈ ಸಂಗತಿಯನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಅಮೆರಿಕದ ಮೂಲನಿವಾಸಿಗಳ ಕಥೆಯೂ ಕೇಳುವಂಥದ್ದು. ಕೌಬಾಯ್ ಚಿತ್ರಗಳಲ್ಲಿ ಕುದುರೆಯ ಮೇಲೆ ಬಂದು ಗುಂಡೇಟು ತಿಂದು ಬೀಳುವವರು ಅವರೇ. 1998ರಲ್ಲಿ ಅವರದೇ ಸಮುದಾಯದ ಕ್ರಿಸ್ ಐರ್ ‘ಸ್ಮೋಕ್ ಸಿಗ್ನಲ್ಸ್’ ಎಂಬ ಚಿತ್ರ ನಿರ್ದೇಶಿಸಿದರು. ಇಬ್ಬರು ಹುಡುಗರು ದೂರದ ಊರಿನಲ್ಲಿ ತೀರಿಕೊಂಡ ಒಬ್ಬನ ತಂದೆಯ ಚಿತಾಭಸ್ಮ ತರಲು ಬಸ್ಸಿನಲ್ಲಿ ಹೋಗುತ್ತಾರೆ. ಕಥೆ ಇಷ್ಟೆ. ದಾರಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಬುದ್ಧಿ ಹೇಳುತ್ತಾನೆ: ನಗಬೇಡ, ಈಗಷ್ಟೇ ಕಾಡೆಮ್ಮೆ ಬೇಟೆಯಾಡಿ ಬಂದವನಂತೆ ಮುಖ ಬಿಗಿದುಕೊಂಡಿರು. ಅದಕ್ಕೆ ಇವನು ಹೇಳುತ್ತಾನೆ: ನಮ್ಮವರು ಕಾಡೆಮ್ಮೆ ಬೇಟೆಯಾಡಿದವರೇ ಅಲ್ಲ, ಮೀನು ಹಿಡಿಯುವವರು! ಜನ ನಕ್ಕರು. ಆ ನಗುವಿನಲ್ಲಿ ದೊಡ್ಡ ಸತ್ಯವಿದೆ. ಇತರರು ಬರೆದ ಚಿತ್ರವನ್ನು ನೋಡಿ ನೋಡಿ, ನಾವೇ ಆ ವೇಷ ಹಾಕಿಕೊಳ್ಳಲು ಶುರು ಮಾಡುತ್ತೇವೆ. ಅದು ಎಲ್ಲಕ್ಕಿಂತ ದೊಡ್ಡ ನಷ್ಟ.

ನಮ್ಮ ದೇಶದಲ್ಲೂ ಈ ಕೆಲಸ ಶುರುವಾಗಿದೆ. ಜಾರ್ಖಂಡದ ಉರಾಂವ್ ಸಮುದಾಯದ ಬಿಜು ಟೊಪ್ಪೊ ಅವರು ಮೇಘನಾಥ್ ಅವರ ಜೊತೆ ಸೇರಿ ಹಲವು ಸಾಕ್ಷ್ಯಚಿತ್ರ ಮಾಡಿದ್ದಾರೆ. ಸ್ಪಾಂಜ್ ಐರನ್ ಕಾರ್ಖಾನೆಗಳ ಹೊಗೆಯ ಬಗ್ಗೆ ಒಂದು, ಭತ್ತದ ಒಂಟಿ ಸಸಿ ನಾಟಿಯ ಬಗ್ಗೆ ಒಂದು. ಎರಡಕ್ಕೂ 2010ರ ಸಾಲಿನ ರಾಷ್ಟ್ರೀಯ ಪ್ರಶಸ್ತಿ ಬಂತು. ವಿಷಯ ನೋಡಿ: ಹೊಗೆ, ಭತ್ತದ ಸಸಿ. ಕುಣಿತವಲ್ಲ. ಅದಿರಿನ ಗಣಿಗಳಿರುವ ನಮ್ಮ ಜಿಲ್ಲೆಯವರಿಗೂ ಇದು ಹತ್ತಿರದ ವಿಷಯ. ಕೇರಳದ ವಯನಾಡಿನ ಪಣಿಯ ಸಮುದಾಯದ ಲೀಲಾ ಸಂತೋಷ್ ಅವರು ಕೆ.ಜೆ. ಬೇಬಿ ಅವರು ಆದಿವಾಸಿ ಮಕ್ಕಳಿಗಾಗಿ ನಡೆಸಿದ ‘ಕನವು’ ಶಾಲೆಯಲ್ಲಿ ಕಲಿತು ಚಿತ್ರ ನಿರ್ದೇಶಕಿಯಾದರು. ಅಟ್ಟಪ್ಪಾಡಿಯ ಇರುಳ ಸಮುದಾಯದ ನಂಜಮ್ಮ ತಮ್ಮ ಭಾಷೆಯಲ್ಲೇ ಹಾಡಿದ ಹಾಡಿಗೆ 2022ರಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ರಾಷ್ಟ್ರೀಯ ಪ್ರಶಸ್ತಿ ಘೋಷಣೆಯಾಯಿತು.

ನಮ್ಮ ರಾಜ್ಯದ ಮಾತಿಗೆ ಬಂದರೆ, ಸಿದ್ದಿಯರನ್ನು ನೆನೆಯಬೇಕು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶಸ್ಥರು ಇವರು. ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದಾರೆ. ಇವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರೂ ಇದ್ದಾರೆ. ಹಾಗಾಗಿ ಆದಿವಾಸಿ ಎಂದರೆ ಬೇರೆಯವರು, ಮುಸ್ಲಿಂ ಎಂದರೆ ನಾವು ಎಂದು ಗೆರೆ ಎಳೆಯುವಂತಿಲ್ಲ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿಯವರು 2020ರಲ್ಲಿ. 1983ರ ಹಿಂದಿ ಚಿತ್ರ ‘ರಜಿಯಾ ಸುಲ್ತಾನ್’ನಲ್ಲಿ ಅಬಿಸೀನಿಯಾದ ಯಾಕೂತ್ ಪಾತ್ರಕ್ಕೆ ಧರ್ಮೇಂದ್ರ ಅವರ ಮುಖಕ್ಕೆ ಕಪ್ಪು ಬಣ್ಣ ಹಚ್ಚಿದರು. ಅದೇ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಮಂಚೀಕೇರಿಯಲ್ಲಿ ಸಿದ್ದಿಯರಿಂದಲೇ ನಾಟಕ ಆಡಿಸಿತು. ಆಫ್ರಿಕಾದ ಚಿನುವಾ ಅಚಿಬೆ ಅವರ ಕಾದಂಬರಿಯ ರಂಗರೂಪ. ಈಚೆಗೆ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಅವರನ್ನು 2011ರ ‘ಪರಮಾತ್ಮ’ ಮುಂತಾದ ಚಿತ್ರಗಳಲ್ಲಿ ನೋಡಿದ್ದೀರಿ. 2021ರ ‘ಸಲಗ’ ಚಿತ್ರದಲ್ಲಿ ಗಿರಿಜಾ ಸಿದ್ದಿ ಮತ್ತು ಸಂಗಡಿಗರ ಹಾಡು ಊರೂರಿನಲ್ಲಿ ಕೇಳಿಸಿತು. ಬಣ್ಣ ಹಚ್ಚಿದ ಮುಖದಿಂದ ನಿಜವಾದ ಮುಖಕ್ಕೆ ಬಂದಿದ್ದೇವೆ, ಇದು ಮುನ್ನಡೆ. ಆದರೆ ನಟನೆ, ಹಾಡು ಅವರದಾದರೂ ಕಥೆ ಮತ್ತು ಕ್ಯಾಮೆರಾ ಹೆಚ್ಚಾಗಿ ಬೇರೆಯವರ ಕೈಯಲ್ಲೇ ಇವೆ. ಮುಂದಿನ ಹೆಜ್ಜೆ ಅದು.

ಹಾಗಾದರೆ ಆದಿವಾಸಿಗಳ ಚಿತ್ರವನ್ನು ಆದಿವಾಸಿಗಳೇ, ಮುಸ್ಲಿಮರ ಚಿತ್ರವನ್ನು ಮುಸ್ಲಿಮರೇ ಮಾಡಬೇಕೆ ಎಂದು ನೀವು ಕೇಳಬಹುದು. ಹಾಗೆ ಬೇಲಿ ಹಾಕುವುದು ಬೇಡ. ಗಿರೀಶ್ ಕಾಸರವಳ್ಳಿ ಅವರು 2004ರಲ್ಲಿ ‘ಹಸೀನಾ’ ಮಾಡಿದರು. ಆದರೆ ಕಥೆ ಬಾನು ಮುಷ್ತಾಕ್ ಅವರದು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ನಮ್ಮ ಹಾಸನದ ಲೇಖಕಿಯದು. ಆಟೋ ಓಡಿಸುವವನ ಹೆಂಡತಿ, ಗಂಡ ಕೈಬಿಟ್ಟ ಮೇಲೆ ನ್ಯಾಯ ಕೇಳುತ್ತಾಳೆ. ಒಳಗಿನ ಕಥೆ ಇದ್ದುದರಿಂದ ಹೊರಗಿನ ನಿರ್ದೇಶಕರ ಕೈಯಲ್ಲೂ ಅದು ನಿಜವಾಗಿ ಉಳಿಯಿತು. ತಾರಾ ಅವರಿಗೆ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ಅದರಲ್ಲಿ ನಮ್ಮ ಹೊಗಳಿಕೆ ಇಲ್ಲ, ನಮಗೆ ಚುಚ್ಚುವ ಮಾತುಗಳೇ ಇವೆ. ಆದರೂ ಹಸೀನಾ ಪೂರ್ತಿ ಮನುಷ್ಯಳು, ಜಲೀಲನಂತೆ ಅರ್ಧವಲ್ಲ. ಒಳಗಿನವರ ಚಿತ್ರ ಎಂದರೆ ಹೊಗಳಿಕೆಯ ಚಿತ್ರ ಎಂದು ತಿಳಿಯಬಾರದು. ಪೂರ್ತಿ ಚಿತ್ರ ಎಂದು ತಿಳಿಯಬೇಕು.

ಸಿನಿಮಾ ನಮಗೇಕೆ, ಮಕ್ಕಳು ಹಾಳಾಗುತ್ತಾರೆ ಎನ್ನುವ ಹಿರಿಯರಿದ್ದಾರೆ. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಕ್ಯಾಮೆರಾ ಈಗಾಗಲೇ ಪ್ರತಿ ಮನೆಗೂ ಬಂದಿದೆ, ಮಕ್ಕಳ ಜೇಬಿನಲ್ಲಿದೆ. ಅದನ್ನು ಹೊರಗಿಡುವ ಪ್ರಶ್ನೆ ಮುಗಿದುಹೋಯಿತು. ಅದರಿಂದ ಯಾರನ್ನೋ ಗೇಲಿ ಮಾಡುವ ವಿಡಿಯೋ ಮಾಡುತ್ತಾರೋ, ಪಕ್ಕದವರ ಬದುಕನ್ನು ಮರ್ಯಾದೆಯಿಂದ ತೋರಿಸುತ್ತಾರೋ ಎಂಬುದೇ ಉಳಿದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದದ್ದು ಶಿಕ್ಷಣ ಸಂಘದ ಕೆಲಸವಲ್ಲವೆ?

ವಿದ್ಯಾರ್ಥಿಗಳಿಗೆ ನನ್ನ ಕೆಲವು ಸಲಹೆಗಳು. ಚಿತ್ರ ತೆಗೆಯುವ ಮೊದಲು ಅನುಮತಿ ಕೇಳಿ. ಇಷ್ಟವಿಲ್ಲ ಎಂದರೆ ಫೋನು ಜೇಬಿಗೆ ಹಾಕಿ. ಹಬ್ಬದ ಬಟ್ಟೆ ಹಾಕಿಕೊಂಡು ಬನ್ನಿ, ಒಂದು ಕುಣಿತ ಕುಣಿಯಿರಿ ಎಂದು ಕೇಳಬೇಡಿ; ಅವರು ಆ ದಿನ ಏನು ಮಾಡುತ್ತಿದ್ದಾರೋ ಅದನ್ನೇ ತೆಗೆಯಿರಿ. ಹೆಸರು ಹಾಕಬಹುದೇ ಎಂದು ಕೇಳಿ. ಅವರ ಮಾತು ಅವರ ಭಾಷೆಯಲ್ಲೇ ಇರಲಿ, ಕೆಳಗೆ ಕನ್ನಡದಲ್ಲಿ ಬರೆಯಿರಿ. ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿ, ಬೇಡ ಎಂದ ಭಾಗ ತೆಗೆದುಹಾಕಿ. ಇನ್ನೂ ಒಳ್ಳೆಯದೆಂದರೆ, ಕ್ಯಾಮೆರಾವನ್ನು ಗೆಳೆಯನ ಕೈಗೇ ಕೊಟ್ಟು, ನೀವು ಮೈಕು ಹಿಡಿಯಿರಿ. ಅವನು ನಿಮ್ಮ ಮನೆಯ ರಂಜಾನ್ ತಿಂಗಳ ಒಂದು ಸಂಜೆಯನ್ನು ತೆಗೆಯಲಿ, ನೀವು ಅವನ ಹಟ್ಟಿಯ ಒಂದು ಬೆಳಗನ್ನು ತೆಗೆಯಿರಿ.

ಸಂಘದ ಹಿರಿಯರಲ್ಲಿ ನನ್ನ ಎರಡು ಕೋರಿಕೆಗಳು. ಒಂದು, ವಾರ್ಷಿಕ ಸ್ಪರ್ಧೆಗಳಲ್ಲಿ ಭಾಷಣ, ಪ್ರಬಂಧಗಳ ಜೊತೆಗೆ ಐದು ನಿಮಿಷದ ಸಾಕ್ಷ್ಯಚಿತ್ರಕ್ಕೂ ಒಂದು ಬಹುಮಾನ ಇಡಿ. ಪ್ರತಿ ತಂಡದಲ್ಲೂ ನಮ್ಮ ಮಕ್ಕಳ ಜೊತೆ ಬೇರೆ ಸಮುದಾಯದ ಒಬ್ಬ ವಿದ್ಯಾರ್ಥಿ ಇರಲೇಬೇಕು ಎಂಬ ನಿಯಮ ಮಾಡಿ. ಎರಡು, ಎಂಜಿನಿಯರಿಂಗ್, ಮೆಡಿಕಲ್ ಓದುವವರಿಗೆ ಸಹಾಯ ಮಾಡುವಂತೆಯೇ ಪತ್ರಿಕೋದ್ಯಮ, ಛಾಯಾಗ್ರಹಣ, ಸಂಕಲನ ಓದಲು ಬಯಸುವ ಮಗುವಿಗೂ ಸಹಾಯ ಮಾಡಿ. ಮನೆಯವರು ಬೇಡ ಎಂದಾಗ ಒಂದು ಮಾತು ಹೇಳಿ. ನಮ್ಮಲ್ಲಿ ಡಾಕ್ಟರುಗಳು ಹೆಚ್ಚಲಿ. ಆದರೆ ನಮ್ಮ ಕಥೆಯನ್ನು, ನೆರೆಯವರ ಕಥೆಯನ್ನು ನೆಟ್ಟಗೆ ಹೇಳುವವರು ಇಲ್ಲದಿದ್ದರೆ ಆ ಡಾಕ್ಟರನ್ನೂ ಜನ ಸಿನಿಮಾದ ಕನ್ನಡಕದಿಂದಲೇ ನೋಡುತ್ತಾರೆ.

 ಮುಂದಿನ ವರ್ಷದ ಸಮಾರಂಭದಲ್ಲಿ ಉಪನ್ಯಾಸದ ಬದಲು ನಿಮ್ಮ ಐದು ನಿಮಿಷದ ಚಿತ್ರಗಳನ್ನು ನೋಡುವಂತಾಗಲಿ ಎಂದು ಹಾರೈಸಿ ವಿರಮಿಸುತ್ತೇನೆ.